ಹಸಿರು ಬಣ್ಣದ ಕೆಳಗಿನ ಕಬ್ಬಿಣ

ಮಾನ್ಯ ಕಾರ್ಖಾನೆ ಸುರಕ್ಷತಾ ಅಧಿಕಾರಿಗಳೇ,

ಬಣ್ಣ ತೆಳುಮಾಡುವ ತಿನ್ನರನ್ನು ಡ್ರಮ್ಮಿಗೆ ತುಂಬಿಸುವ ಕೋಣೆಗೆ ಬೆಂಕಿ ಹತ್ತಿದ್ದು ನನ್ನ ತಂಗಿ ತೊಟ್ಟಿದ್ದ ಪಾಲಿಯೆಸ್ಟರ್ ಅಂಗಿಯಿಂದ ಎಂದು ವರದಿ ಬರೆದಿದ್ದೀರಿ. ಅಂಗೈ ಎರಡೂ ಸುಟ್ಟುಕೊಂಡು ಆಸ್ಪತ್ರೆಯಲ್ಲಿ ಮಲಗಿದವಳ ಮೇಲೆ ಗೂಬೆ ಕೂರಿಸುವುದು ಸುಲಭ. ಆ ಅಂಗಿಯೇನು ಅವಳು ತವರಿನಿಂದ ತೊಟ್ಟು ಬಂದದ್ದಲ್ಲ, ಕಾರ್ಖಾನೆಯೇ ಕೊಟ್ಟ ಸಮವಸ್ತ್ರ. ವರದಿ ಸುಳ್ಳೆಂದು ನಿಮಗೆ ಗೊತ್ತು. ನಿಜವನ್ನು ನಮಗೆ ಕಲಿಸಿದವರೇ ನೀವಲ್ಲವೇ?

ಹೋದ ವರ್ಷ ನಮ್ಮ ಊಟದ ಕೋಣೆಯಲ್ಲಿ ಪಾಠ ಮಾಡಿದಿರಿ. ನಿಮ್ಮ ತಲೆಯಲ್ಲಿ ಬಾಚಲು ಕೂದಲಿಲ್ಲದ್ದರಿಂದ ನನ್ನ ತಂಗಿಯ ಜಡೆಗೆ ಬಾಚಣಿಗೆ ಉಜ್ಜಿ, ಕಾಗದದ ಚೂರು ಎತ್ತಿ ತೋರಿಸಿದಿರಿ. ಎಲ್ಲರೂ ನಕ್ಕೆವು. "ನಗ್ಬೇಡಿ ಅಮ್ಮಾ," ಎಂದಿರಿ. "ಪೈಪಲ್ಲಿ ತಿನ್ನರ್ ಉಜ್ಕೊಂಡು ಹರಿದಾಗ್ಲೂ ಹೀಗೇ ವಿದ್ಯುತ್ ಹುಟ್ಟುತ್ತೆ. ಡ್ರಮ್ಮಲ್ಲಿ ಸೇರ್ಕೊಂಡು ಕೂತಿರುತ್ತೆ. ಭೂಮಿಗೆ ಇಳಿಯೋಕೆ ದಾರಿ ಕೊಡ್ಲಿಲ್ಲ ಅಂದ್ರೆ ಕಿಡಿಯಾಗಿ ಹಾರುತ್ತೆ. ಅರ್ತ್ ಕ್ಲಿಪ್ಪು ಬರೀ ಕಬ್ಬಿಣಾನೇ ಕಚ್ಚಬೇಕು. ಮಧ್ಯೆ ಬಣ್ಣ ಇದ್ರೂ ಕೆಲಸ ಕೆಡುತ್ತೆ." ತಂಗಿಗೆ ಅದೇ ವೇದವಾಕ್ಯ. ತಂತಿಯ ಒಂದು ಕ್ಲಿಪ್ಪನ್ನು ಡ್ರಮ್ಮಿನ ಅಂಚಿಗೆ, ಇನ್ನೊಂದನ್ನು ಗೋಡೆಯಿಂದ ನೆಲದೊಳಕ್ಕೆ ಇಳಿಯುವ ಕಬ್ಬಿಣದ ಪಟ್ಟಿಗೆ ಸಿಕ್ಕಿಸದೆ ಅವಳು ನಲ್ಲಿ ತಿರುಗಿಸಿದವಳಲ್ಲ.

ಆಮೇಲೆ ತಾವು ತಪಾಸಣೆಗೆ ಬರುತ್ತೀರೆಂದು ಸುದ್ದಿಯಾಯಿತು. ನಿಮ್ಮ ಕಣ್ಣಿಗೆ ತಂಪಾಗಲೆಂದು ಮಾಲೀಕರು ಗೋಡೆ, ಪೈಪು, ಕೊನೆಗೆ ಆ ಪಟ್ಟಿಯನ್ನೂ ಬಿಡದೆ ಹಸಿರು ಬಣ್ಣ ಬಳಿಸಿದರು. ತಂಗಿ ಹೆದರುತ್ತಲೇ ನಿಮಗೆ ತೋರಿಸಿದಳು: "ಸಾರ್, ಪಟ್ಟಿಗೂ ಬಳಿದುಬಿಟ್ಟಿದ್ದಾರೆ. ಕ್ಲಿಪ್ಪು ಬಣ್ಣ ಕಚ್ತಿದೆ."

"ನಾನು ನೋಡ್ಕೋತೀನಮ್ಮ, ನೀವು ಕೆಲಸ ಮಾಡಿ," ಎಂದಿರಿ. ಕೋಣೆ ಎಷ್ಟು ಚೊಕ್ಕವಾಗಿದೆ ಎಂದು ಮ್ಯಾನೇಜರರ ಕೈ ಕುಲುಕಿದಿರಿ. ನೀವು ನೋಡಿಕೊಂಡದ್ದು ಏನನ್ನು, ಸ್ವಾಮಿ? ನಿಮ್ಮ ಮಾತಿನ ಮೇಲೆ ಭಾರ ಹಾಕಿ ಅವಳು ಕೆಲಸ ಮುಂದುವರಿಸಿದಳು. ಒಣಹವೆಯ ಒಂದು ಮಧ್ಯಾಹ್ನ ಪೈಪಿನ ಬಾಯಿಗೂ ಡ್ರಮ್ಮಿನ ಅಂಚಿಗೂ ನಡುವೆ ಕಿಡಿ ಹಾರಿತು. ನಾನು ಎದುರಿಗೇ ನಿಂತಿದ್ದೆ. ವರದಿ ಬರೆಯುವಾಗ ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಮಾಲೀಕರ ಮೇಲೆ ನನಗೆ ಸಿಟ್ಟಿದೆ, ಆದರೆ ಅವರನ್ನು ನಾವು ಎಂದೂ ನಂಬಿದವರಲ್ಲ. ನಿಮ್ಮನ್ನು ನಂಬಿದ್ದೆವು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡೋಣ?

ಮಸಿ ಮುಚ್ಚಲು ಆ ಪಟ್ಟಿಗೆ ಈಗ ಮತ್ತೊಂದು ಕೈ ಬಣ್ಣ ಬಳಿದಿದ್ದಾರೆ. ಅದನ್ನು ನಿಮ್ಮೆದುರೇ ಕೆರೆಸಿ. ವರದಿ ತಿದ್ದಿ. ಅದಕ್ಕೂ ಮೊದಲು ಆಸ್ಪತ್ರೆಗೆ ಬನ್ನಿ. ನಿನ್ನೆ ತಂಗಿ ನನ್ನನ್ನು ಕೇಳಿದಳು: "ಅಕ್ಕಾ, ಸಾರ್ ಬರೆದಿದ್ದಾರೆ ಅಂದ್ಮೇಲೆ ತಪ್ಪು ನಂದೇ ಇರ್ಬೇಕು, ಅಲ್ವಾ?" ಅಲ್ಲ ಎಂದು ನಾನು ಎಷ್ಟು ಹೇಳಿದರೂ ಅವಳು ಒಪ್ಪುತ್ತಿಲ್ಲ. ನೀವೇ ಬಂದು ಹೇಳಬೇಕು.

ಇಂತಿ,
ನಾಳೆಯಿಂದ ಅವಳ ಜಾಗದಲ್ಲಿ ಡ್ರಮ್ ತುಂಬಿಸಬೇಕಾದ
ಅವಳ ಅಕ್ಕ