ಅತ್ತೆಯ ಹಿತ್ತಲಿನ ಕಾವಲು ಕೋಳಿಗಳು

ಜುಲೈ 4

ಅತ್ತೆಯ ಕೋಳಿಗಳ ರಕ್ತ ತಂದೆ. ರೆಕ್ಕೆಯ ಕೆಳಗಿನ ನರ, ಸಣ್ಣ ಸೂಜಿ, ಒಂದಿಷ್ಟು ರಂಪ. ಲ್ಯಾಬಿನ ಲೆಕ್ಕದಲ್ಲಿ ಇವು ಕಾವಲು ಕೋಳಿಗಳು. ಕುದುರೆಗೂ ಮನುಷ್ಯರಿಗೂ ಮಿದುಳು ಜ್ವರ ತರುವ ವೈರಸ್ ಸೊಳ್ಳೆಯ ಜೊತೆ ಬಂದರೆ ಮೊದಲು ಇವುಗಳ ರಕ್ತದಲ್ಲಿ ಗೊತ್ತಾಗಬೇಕು. ಕೋಳಿಗೆ ಏನೂ ಆಗುವುದಿಲ್ಲ. ಕಚ್ಚಿಸಿಕೊಳ್ಳುವುದಷ್ಟೇ ಕೆಲಸ.

ಅಪ್ಪನ ತಂಗಿಯಾದ್ದರಿಂದ ಹಿತ್ತಲು ಸುಲಭವಾಗಿ ಸಿಕ್ಕಿತು. ಬಾಯಿ ಮಾತ್ರ ಸುಮ್ಮನಿರುವುದಿಲ್ಲ. "ಬಂದ್ಲು ನೋಡ್ರೇ, ರಕ್ತ ಹೀರೋಳು," ಎಂದು ಕೋಳಿಗಳಿಗೆ ಚಾಡಿ.

ಜುಲೈ 5

ಕೋಳಿರಕ್ತ ಹಾಕಿಟ್ಟ ಪರೀಕ್ಷೆಯ ಪ್ಲೇಟ್ ನೋಡಿದೆ. ನಮ್ಮ ಕಿಟ್‌ನಲ್ಲಿ ನೀಲಿ ಬಂದರೆ ನೆಗೆಟಿವ್. ಬಣ್ಣ ಬಾರದೆ ನೀರಿನಂತೆ ಉಳಿದರೆ ವೈರಸ್ ತಾಗಿದೆ ಎಂದು. ಎಲ್ಲ ನೀಲಿ. ಎಂದಿನಂತೆ. ಅತ್ತೆಯ ಬಡಾವಣೆ ಸುರಕ್ಷಿತ ಎಂದು ವರದಿ ಕಳಿಸಿದೆ. ಸೊಳ್ಳೆ ಔಷಧಿ ಹೊಡೆಯುವ ಗಾಡಿ ಬೇರೆ ಕಡೆ ಹೋಯಿತು.

ಜುಲೈ 19

ಅತ್ತೆಯ ಪಕ್ಕದ ಬೀದಿಯ ಲಾಯದಲ್ಲಿ ಕುದುರೆ ಬಿದ್ದಿದೆ. ಏಳಲಾರದು. ರಕ್ತ ಪರೀಕ್ಷೆ — ಪಾಸಿಟಿವ್.

ಬಾಸ್ ಕೇಳಿದರು: "ಸೊಳ್ಳೆಗಳಿಗೆ ನಿನ್ನ ಕೋಳಿ ಅಂದ್ರೆ ಅಷ್ಟು ಮರ್ಯಾದೆನಾ?"

ಹೊಸ ಕಿಟ್ ತೆಗೆದು ಕೋಳಿರಕ್ತವನ್ನು ಮತ್ತೆ ಪರೀಕ್ಷೆ ಮಾಡಿದೆ. ನೀಲಿ. ತಲೆ ಕೆಟ್ಟುಹೋಯಿತು.

ಜುಲೈ 20, ಸಂಜೆ

ಹೇಳದೆ ಕೇಳದೆ ಹೋದೆ. ಯಾವಾಗಲೂ ಬೆಳಿಗ್ಗೆ ಹೋಗುತ್ತಿದ್ದೆ, ಅದೇ ತಪ್ಪಾಗಿದ್ದು. ಗೂಡಿನ ಸುತ್ತ ಸೊಳ್ಳೆಪರದೆ! ಮೂಲೆಗಳಿಗೆ ಕಲ್ಲಿಟ್ಟು ಬಿಗಿ ಮಾಡಿದ್ದಾರೆ.

"ಏನತ್ತೆ ಇದು?"

"ಸೂಜಿ ನೀನು ಚುಚ್ತೀಯ. ಸೊಳ್ಳೆನೂ ಚುಚ್ಬೇಕಾ? ಪಾಪ ಕಣೇ."

"ಅವು ಕಚ್ಚಿಸ್ಕೊಳ್ಳೋಕೇ ಇರೋದು ಅಂತ ಹೇಳಿದ್ನಲ್ಲ!"

"ಹೇಳಿದ್ದೆ. ನಂಗೆ ಮನಸ್ಸು ಬರ್ಲಿಲ್ಲ."

ಸಿಟ್ಟು ಬಂತು. ನಗುವೂ ಬಂತು. ಪರದೆ ಕಿತ್ತು ಮಡಚುವಾಗ ಕೆಂಪು ದಾರದ ಹೊಲಿಗೆ ಕಣ್ಣಿಗೆ ಬಿತ್ತು. ನಾನೇ ಹಾಕಿದ್ದು... ಅತ್ತೆಯ ಮಂಚದ ಪರದೆಗೆ. ಒಳಗೆ ಹೋಗಿ ನೋಡಿದರೆ ಮಂಚಕ್ಕೆ ಬರೀ ಕೋಲುಗಳು.

"ನನ್ನ ಚರ್ಮ ದಪ್ಪ, ಬಿಡೇ," ಅಂದರು.



ಜುಲೈ 21

ವರದಿ ತಪ್ಪು ಎಂದು ಬರೆದುಕೊಟ್ಟೆ. ಔಷಧಿ ಗಾಡಿ ನಾಳೆ ಬರುತ್ತದಂತೆ. ಅತ್ತೆಗೆ ಹೊಸ ಪರದೆ ಕಟ್ಟಿ ಬಂದೆ.

ಜುಲೈ 26

ಅತ್ತೆಗೆ ಜ್ವರ. "ಕತ್ತು ಬಗ್ಗಲ್ಲ ಕಣೇ, ಸೆಟ್ಕೊಂಡಿದೆ." ಆಸ್ಪತ್ರೆಗೆ ಸೇರಿಸಿದೆ. ಅಲ್ಲಿ ರಿಪೋರ್ಟ್ ತಡವಾಗುತ್ತದಂತೆ. ನನಗೆ ಹೆದರಿಕೆಯಾಗಿದೆ. ಬರೆದೆ ಅಷ್ಟೇ, ಯಾರು ಓದುತ್ತಾರೆ.

ಜುಲೈ 29, ಮಧ್ಯಾಹ್ನ

ಮನುಷ್ಯರ ರಕ್ತ ನಮ್ಮ ಲ್ಯಾಬಿಗೆ ತರಬಾರದು. ತಂದೆ. ಈ ಕಿಟ್‌ಗೆ ಯಾರ ರಕ್ತವಾದರೂ ನಡೆಯುತ್ತದೆ. ಟ್ಯೂಬಿನ ಮೇಲೆ 'ಅತ್ತೆ' ಎಂದಿರುವುದನ್ನು ಬಾಸ್ ನೋಡಿದರು. ಬಾಗಿಲು ಎಳೆದುಕೊಂಡು ಹೋದರು.

ಪರದೆ ಕಟ್ಟಿದ್ದ ದಿನಗಳಲ್ಲಿ ತೆಗೆದ ಕೋಳಿರಕ್ತದ ಪಕ್ಕದಲ್ಲೇ ಅತ್ತೆಯದು. ಬಣ್ಣದ ದ್ರಾವಣ ಹಾಕಿ ಕೂತಿದ್ದೇನೆ. ಕೋಳಿಗಳದು ನೀಲಿಯಾಗುತ್ತಿದೆ. ಒಂದೊಂದಾಗಿ, ಎಲ್ಲವೂ.

ಅತ್ತೆಯದು ಇನ್ನೂ ನೀರಿನ ಹಾಗೇ ಇದೆ. ಟೈಮ್ ಮುಗಿದಿಲ್ಲ. ಒಮ್ಮೊಮ್ಮೆ ನಿಧಾನ ಆಗುತ್ತದೆ. ಇನ್ನೊಂದು ಸ್ವಲ್ಪ ಕಾದು —