ಚಪ್ಪಾಳೆ ಕೇಳಿಸಿದ ಮಗುವಿಗೆ ‘ಸ’ ಕೇಳಿಸುವುದಿಲ್ಲ

ಮಕ್ಕಳ ಆರೋಗ್ಯ ತಪಾಸಣೆಯ ಹೊಣೆ ಹೊತ್ತ ಅಧಿಕಾರಿಗಳಿಗೆ

ಮಾನ್ಯರೇ,

ಮೊದಲಿಗೇ ಕ್ಷಮೆ ಕೇಳುತ್ತೇನೆ. ನಿಮಗೆ ಪತ್ರ ಬರೆಯುವಷ್ಟು ದೊಡ್ಡವಳಲ್ಲ ನಾನು. ಬಿ.ಎಸ್ಸಿ. ಮೊದಲ ವರ್ಷ. ಆರನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ ಹಾಸ್ಟೆಲ್‌ನಲ್ಲಿ ಬೆಳೆದವಳು, ಹಾಗಾಗಿ ನನ್ನ ಕನ್ನಡದಲ್ಲಿ ಅರ್ಧ ಇಂಗ್ಲಿಷೇ. ನಾಲ್ಕು ಸಲ ಬರೆದು ಹರಿದಿದ್ದೇನೆ. ಇದು ಪೇಪರಿನಲ್ಲಿ ಬಂದರೆ ಕಾಲೇಜಿನಲ್ಲಿ ಬೈಯುತ್ತಾರಾ, ಅಪ್ಪನಿಗೆ ಯಾರಾದರೂ ಫೋನ್ ಮಾಡುತ್ತಾರಾ ಅಂತ ಭಯವಿದೆ. ಆದರೂ ಹೇಳಿಬಿಡುತ್ತೇನೆ. ನನ್ನ ತಂಗಿ ಶಿಲ್ಪಳ ಫಾರ್ಮಿನಲ್ಲಿ ನಿಮ್ಮ ತಂಡ ‘ಶ್ರವಣ ಸಾಮಾನ್ಯ, ಬುದ್ಧಿ ಮಂದ’ ಎಂದು ಬರೆದಿದೆ. ಎರಡೂ ತಪ್ಪು. ಮೊದಲನೆಯ ತಪ್ಪಿನಿಂದಲೇ ಎರಡನೆಯ ತಪ್ಪು ಹುಟ್ಟಿದೆ.

ಶಿಲ್ಪಳಿಗೆ ಎಂಟು ವರ್ಷ. ಬಿ.ಜಿ. ಕೆರೆ ದಾಟಿದರೆ ಸಿಗುವ ನಮ್ಮ ಊರಿನ ಶಾಲೆಯಲ್ಲಿ ಮೂರನೇ ಕ್ಲಾಸು. ಹುಟ್ಟುವಾಗಲೇ ಬಾಯಿಯ ಅಂಗುಳ ಸೀಳಿತ್ತು. ಒಂದೂವರೆ ವರ್ಷಕ್ಕೆ ಆಪರೇಷನ್ ಮಾಡಿ ಹೊಲಿದರು. ಆ ಡಾಕ್ಟರಿಗೆ ಕೈ ಮುಗಿಯಬೇಕು. ಹಾಲು ಕುಡಿದರೆ ಮೂಗಿನಲ್ಲಿ ಬರುವುದಿಲ್ಲ, ‘ಅಪ್ಪ’, ‘ಬಾಗಿಲು’ ಎಲ್ಲ ಸ್ಪಷ್ಟ. ಆದರೆ ಸ, ಶ ಮಾತ್ರ ಅವಳ ಬಾಯಲ್ಲಿ ಇಲ್ಲವೇ ಇಲ್ಲ. ಶಾಲೆ ‘ಆಲೆ’ ಆಗುತ್ತದೆ, ಸಾರು ‘ಆರು’ ಆಗುತ್ತದೆ, ಅವಳ ಹೆಸರೇ ‘ಇಲ್ಪ’ ಆಗುತ್ತದೆ. ಬಿಸಿಯೂಟಕ್ಕೆ ಕೂತು ‘ಇನ್ನೊಂಚೂರು ಆರು’ ಅಂತ ತಟ್ಟೆ ಚಾಚಿದರೆ ಪಕ್ಕದ ಹುಡುಗರು, “ಆರು ಯಾಕೆ, ಏಳು ತಗಳ್ಳೇ, ಮಗ್ಗಿ ಬರಲ್ವಾ?” ಅಂತ ನಗುತ್ತಾರೆ. ಮಕ್ಕಳಲ್ಲವೇ, ನಗಲಿ. ಅದೇ ‘ಆರು’ ಕೇಳಿ ದೊಡ್ಡವರು ಏನು ಮಾಡಿದರು ಗೊತ್ತೇ?

ಹೋದ ವರ್ಷ ಜುಲೈನಲ್ಲಿ ನಿಮ್ಮ ತಂಡ ಅವಳ ಶಾಲೆಗೆ ಬಂದಿತ್ತು. ನಾನಾಗ ಹಾಸ್ಟೆಲ್‌ನಲ್ಲಿದ್ದೆ. ಜೊತೆಗಿದ್ದ ಅಮ್ಮ ಹೇಳಿದ್ದನ್ನೂ ಫಾರ್ಮಿನ ಜೆರಾಕ್ಸನ್ನೂ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಕಿವಿ ಪರೀಕ್ಷೆ ಹೀಗೆ ನಡೆಯಿತು: ಒಬ್ಬರು ಅವಳ ಬೆನ್ನ ಹಿಂದೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದರು. ಅವಳು ತಿರುಗಿ ನೋಡಿದಳು. ಶ್ರವಣ ಸಾಮಾನ್ಯ. ಮಾನ್ಯರೇ, ಅವಳ ಮೇಷ್ಟ್ರು ಓಂಕಾರಮೂರ್ತಿಯವರು ಪಾಠವನ್ನು ಚಪ್ಪಾಳೆಯಲ್ಲಿ ಮಾಡುವುದಿಲ್ಲ. ಕಾಗುಣಿತಕ್ಕೆ ಬಾಯಿ ಬಳಸುತ್ತಾರೆ, ಅದೂ ತಲೆಯ ಮೇಲೆ ಫ್ಯಾನು ಗಡಗಡ ಅನ್ನುತ್ತಿರುವಾಗ.

ಆಮೇಲೆ ಬುದ್ಧಿ ಪರೀಕ್ಷೆ. “ಬೆಳಿಗ್ಗೆ ಏನು ತಿಂದೆ ಪುಟ್ಟಿ?” ಅಂದರು. “ಅನ್ನ ಆರು” ಅಂದಳು. ಫಾರ್ಮಿನಲ್ಲಿದೆ: ‘ಅಸಂಬದ್ಧ ಉತ್ತರ’. “ನಿಮ್ಮವ್ವ ಎಲ್ಲಿ, ತೋರ್ಸು” ಅಂದರು. ಅವಳು ಅಮ್ಮನ ಜೊತೆ ಬಂದಿದ್ದ ಅಜ್ಜಿಯನ್ನು ತೋರಿಸಿದಳು. ಫಾರ್ಮಿನಲ್ಲಿದೆ: ‘ತಾಯಿಯನ್ನು ಗುರುತಿಸುವುದಿಲ್ಲ’. ಇದನ್ನು ಓದಿ ಅಳಬೇಕೋ ನಗಬೇಕೋ ನನಗೆ ತಿಳಿಯಲಿಲ್ಲ. ನಮ್ಮ ಮನೆಯಲ್ಲಿ ತೆಲುಗು. ತೆಲುಗಿನಲ್ಲಿ ಅವ್ವ ಅಂದರೆ ಅಜ್ಜಿ. ಕನ್ನಡದ ಅವ್ವ ನಮಗೆ ಅಮ್ಮ. ಶಿಲ್ಪ ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರಿಸಿದಳು. ಪ್ರಶ್ನೆ ಕೇಳಿದವರು ಫೇಲಾದರು, ಮಾರ್ಕ್ಸ್ ಕಳೆದದ್ದು ಅವಳಿಗೆ.

ಕೊನೆಗೆ ಸಲಹೆ. “ಮನೇಲಿ ತೆಲುಗು ಬಂದ್ ಮಾಡ್ರಮ್ಮ, ಎರಡು ಭಾಷೆಗೆ ಮಗು ತಲೆ ಕೆಟ್ಟೈತೆ” ಅಂದರಂತೆ. ಬಸ್ಸು ಹತ್ತುವಾಗ ಕನ್ನಡ, ಇಳಿಯುವಾಗ ತೆಲುಗು ಆಡುವ ಜನ ನಾವು. ಎರಡು ಭಾಷೆಗೆ ಬುದ್ಧಿ ಮಂದವಾಗುವುದಾದರೆ ಇಡೀ ಮೊಳಕಾಲ್ಮೂರು ತಾಲ್ಲೂಕಿಗೆ ಒಂದೇ ಸರ್ಟಿಫಿಕೇಟ್ ಕೊಟ್ಟುಬಿಡಿ, ಕಾಗದ ಉಳಿಯುತ್ತದೆ.

ಈ ಸಲಹೆ ಕೊಟ್ಟವರು ಮರೆತಿರಬಹುದು. ನಮ್ಮ ಅವ್ವ ಲಕ್ಷ್ಮಕ್ಕ ಮರೆಯಲಿಲ್ಲ. ರಾಯದುರ್ಗದ ಕಡೆಯಿಂದ ಸೊಸೆಯಾಗಿ ಬಂದವಳು. ಕನ್ನಡ ಅರ್ಥವಾಗುತ್ತದೆ, ನಾಲಿಗೆಗೆ ಬರುವುದಿಲ್ಲ. ಶಿಲ್ಪಳಿಗೆ ಇದ್ದಬದ್ದ ಮಾತು ಕಲಿಸಿದ್ದು ಅವಳೇ. ಮಗುವನ್ನು ಎದುರಿಗೆ ಕೂರಿಸಿಕೊಂಡು, ಗಲ್ಲ ಹಿಡಿದು, ತುಟಿ ತೋರಿಸಿ, ಒಂದೊಂದೇ ಮಾತು. ದಸರಾ ರಜೆಗೆ ನಾನು ಮನೆಗೆ ಹೋದಾಗ ಅವ್ವ ಶಿಲ್ಪಳಿಗೆ ಜಡೆ ಹಾಕುತ್ತಿದ್ದಳು, ಬಾಯಿ ಬಿಚ್ಚದೆ. ರಿಬ್ಬನ್ ಬೇಕಾದರೆ ಕೈ ತೋರಿಸುತ್ತಿದ್ದಳು. ಜಗಳವಾಗಿದೆಯಾ ಅಂತ ಕೇಳಿದೆ. “ನೇನು ಮಾಟ್ಲಾಡಿತೇ ಬಿಡ್ಡಕು ಮಾಟ ರಾದಂಟ” ಅಂದಳು. ನಾನು ಮಾತಾಡಿದರೆ ಮಗುವಿಗೆ ಮಾತು ಬರುವುದಿಲ್ಲವಂತೆ. “ಯಾರು ಹೇಳಿದ್ದವ್ವ?” ಅಂದರೆ, “ದೊಡ್ಡ ಸಾರು.” ಅವಳಿಗೆ ಬರುವ ನಾಲ್ಕು ಕನ್ನಡದ ಮಾತಿನಲ್ಲಿ ಎರಡು ನಿಮಗೇ ಸಂದವು.

ಎದುರು ಕೂತು ತುಟಿ ತೋರಿಸಿ ಮಾತಾಡುವುದೇ ಸರಿಯಾಗಿ ಕೇಳಿಸದ ಮಗುವಿಗೆ ಬೇಕಾದದ್ದು ಎಂದು ನಾನು ತಿಳಿದದ್ದು ಹೋದ ತಿಂಗಳು. ಶಿಲ್ಪಳನ್ನು ಚಿತ್ರದುರ್ಗದ ಒಬ್ಬ ಕಿವಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವರು ಲೈಟು ಹಾಕಿ ಎರಡು ಕಿವಿಯೊಳಗೂ ನೋಡಿ, “ಅಂಗುಳ ಚೆನ್ನಾಗಿ ಕೂಡಿದೆ. ಕಿವಿ ಯಾರೂ ನೋಡಿಲ್ವಾ?” ಅಂದರು. ಕಿವಿಯ ಒಳಗೆ ಗಾಳಿ ಆಡಿಸುವ ಒಂದು ಸಣ್ಣ ಕೊಳವೆ ಇದೆಯಂತೆ, ಅದನ್ನು ತೆರೆಯುವುದು ಅಂಗುಳದ ಸ್ನಾಯುಗಳೇ ಅಂತೆ. ಸೀಳಂಗುಳದ ಮಕ್ಕಳಲ್ಲಿ ಆಪರೇಷನ್ ಆದ ಮೇಲೂ ಅವು ಸರಿಯಾಗಿ ಕೆಲಸ ಮಾಡದೆ, ಕಿವಿತಮಟೆಯ ಹಿಂದೆ ಅಂಟುನೀರು ನಿಲ್ಲುವುದು ತೀರಾ ಮಾಮೂಲು. ಶೀತವಾದರೆ ಇನ್ನೂ ಜಾಸ್ತಿ. ಅದಕ್ಕೇ ಒಂದು ದಿನ ಕೇಳಿಸುತ್ತದೆ, ಇನ್ನೊಂದು ದಿನ ಇಲ್ಲ, ಮನೆಯವರು ‘ಬೇಕಂತಲೇ ಕೇಳಿಸ್ಕೊಳ್ಳಲ್ಲ’ ಅಂತ ಬೈಯುತ್ತಾರೆ. ನಾನೂ ಬೈದಿದ್ದೇನೆ.

“ಎರಡು ಕಿವಿಗೂ ಬೆರಳಿಟ್ಕೊಂಡು ಒಂದು ಗಂಟೆ ಕ್ಲಾಸಲ್ಲಿ ಕೂತು ನೋಡಮ್ಮ” ಅಂದರು ಡಾಕ್ಟರ್. ಕೂತು ನೋಡಿದೆ. ಲೆಕ್ಚರರ್ ಧ್ವನಿ ಬರುತ್ತದೆ, ಅ, ಓ, ಮ ಬರುತ್ತವೆ. ಸ, ಶ ತೆಳ್ಳಗಿನ ಶಬ್ದಗಳು, ಮೊದಲು ಕರಗುವುದು ಅವೇ. ಕಿವಿಗೆ ಬೀಳದ ಅಕ್ಷರವನ್ನು ನಾಲಿಗೆ ಎಲ್ಲಿಂದ ಕಲಿಯಬೇಕು? ಹೊಲಿದ ಅಂಗುಳ ತಯಾರಾಗಿ ಕೂತಿದೆ, ಅದಕ್ಕೆ ಪಾಠ ತಲುಪುತ್ತಿಲ್ಲ. ಎಲ್ಲ ಸರಿಹೋಗುತ್ತದೆ ಎಂದು ಡಾಕ್ಟರ್ ಮಾತು ಕೊಡಲಿಲ್ಲ. ಸದ್ದಿಲ್ಲದ ಕೋಣೆಯಲ್ಲಿ ಮೆಷಿನ್ ಇಟ್ಟು ಎಷ್ಟು ಕೇಳಿಸುತ್ತದೆ ಎಂದು ಮೊದಲು ಅಳೆಯಬೇಕು, ಆಮೇಲೆ ನೀರು ಹೋಗಲು ಟ್ಯೂಬ್ ಹಾಕುವುದೋ ಕಿವಿಗೆ ಯಂತ್ರ ಕೊಡುವುದೋ ನೋಡಬೇಕು, ಜೊತೆಗೆ ಮಾತಿನ ತರಬೇತಿ ಅಂದರು. ಕುದಾಪುರದ ಬಯಲಿನಲ್ಲಿ ದೇಶದ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳು ಕೂತಿವೆ, ಬಸ್ಸಿನ ಕಿಟಕಿಯಿಂದ ಬೇಲಿ ಕಾಣುತ್ತದೆ. ಅಲ್ಲಿಂದ ಸ್ವಲ್ಪವೇ ಆಚೆ ಒಂದು ಮಗುವಿನ ಕಿವಿ ಅಳೆಯಲು ನಮ್ಮ ಬಳಿ ಇರುವ ಉಪಕರಣ ಎರಡು ಅಂಗೈ.

ನಿಮ್ಮ ಕಚೇರಿಗೆ ಫೋನ್ ಮಾಡಿದೆ. “ಆಶಾ ಮಾತಾಡ್ತಿರೋದು ಸಾರ್” ಅಂದೆ.

“ಯಾವೂರ ಆಶಾ? ರಿಪೋರ್ಟೇ ಕಳ್ಸಿಲ್ಲವಲ್ಲಮ್ಮ ನೀನು.”

“ಆಶಾ ಕಾರ್ಯಕರ್ತೆ ಅಲ್ಲ ಸಾರ್, ನನ್ನ ಹೆಸರೇ ಆಶಾ. ತಂಗಿದು ಅಂಗುಳದ ಆಪರೇಷನ್ ಆಗಿತ್ತು, ಈಗ ಕಿವಿ—”

“ಬಾಯಿ ಕೇಸಾ, ಕಿವಿ ಕೇಸಾ?”

“ಎರಡೂ ಒಂದೇ ಸಾರ್.”

“ಒಂದೆಂಗಾಗ್ತೈತೆ? ಬಾಯಿ ಕೇಸು ಕ್ಲೋಸ್ ಆಗೈತೆ. ಕಿವಿ ಕೇಸು ಓಪನ್ನೇ ಆಗಿಲ್ಲ. ಶ್ರವಣ ಸಾಮಾನ್ಯ ಅಂತೈತಲ್ಲಮ್ಮ.”

ಪ್ರೈವೇಟ್ ಡಾಕ್ಟರ್ ಚೀಟಿ ನಡೆಯುವುದಿಲ್ಲವಂತೆ. ನಿಮ್ಮ ಫಾರ್ಮು ತಪ್ಪು ಎಂದು ಹೇಳಬೇಕಾದರೂ ನಿಮ್ಮ ಫಾರ್ಮೇ ಹೇಳಬೇಕು. ಒಂದೇ ತಲೆಯಲ್ಲಿ ಬಾಯಿಯೂ ಕಿವಿಯೂ ಇರುವುದು ದೇಹದ ತಪ್ಪು, ನಿಮ್ಮ ಕಚೇರಿಯಲ್ಲಿ ಅವಕ್ಕೆ ಬೇರೆ ಬೇರೆ ಬೀರು.

ಇಷ್ಟು ಅವಸರ ಯಾಕೆ ಅಂದರೆ, ಈ ತಿಂಗಳ ಇಪ್ಪತ್ತನೇ ತಾರೀಖು ಶಾಲೆಯಿಂದ ಒಂದು ಪಟ್ಟಿ ಹೋಗುತ್ತದೆ: ತರಗತಿಗೆ ಬರಲಾಗದ, ಮನೆಯಲ್ಲೇ ಕಲಿಸಬೇಕಾದ ಮಕ್ಕಳ ಪಟ್ಟಿ. ‘ಬುದ್ಧಿ ಮಂದ’ ಎಂಬ ಸಾಲು ಹಾಗೇ ಇದ್ದರೆ ಶಿಲ್ಪಳ ಹೆಸರನ್ನು ಸೇರಿಸಲೇಬೇಕು ಎಂದು ಮೇಲಿನಿಂದ ಸೂಚನೆ ಬಂದಿದೆ. ಓಂಕಾರಮೂರ್ತಿ ಮೇಷ್ಟ್ರು, “ಮುಂದಿನ ಬೆಂಚಲ್ಲಿ ಕೂರ್ಸಿದ್ರೆ ನನ್ನ ತುಟಿ ನೋಡ್ಕೊಂಡೇ ಎಲ್ಲರಿಗಿಂತ ಮುಂಚೆ ಲೆಕ್ಕ ಮಾಡ್ತಾಳಮ್ಮ, ಆದ್ರೆ ಸೀಲು ನನ್ನ ಕೈಲಿಲ್ಲ” ಅಂದರು. ಸೀಲು ನಿಮ್ಮ ಕೈಯಲ್ಲಿದೆ.

ಕನಿಕರ ಕೇಳಲು ನಾನು ಬರೆದಿಲ್ಲ. ಇಪ್ಪತ್ತರೊಳಗೆ ಶಿಲ್ಪಳ ಕಿವಿಯನ್ನು ಮೆಷಿನಿನಲ್ಲಿ ಪರೀಕ್ಷಿಸಿ, ಅಲ್ಲಿಯವರೆಗೆ ಆ ಎರಡು ಸಾಲು ಹೊಡೆದುಹಾಕಿ. ಅಂಗುಳ ಹೊಲಿಸಿಕೊಂಡ ಪ್ರತಿ ಮಗುವಿನ ಕಿವಿಯನ್ನೂ ವರ್ಷ ವರ್ಷ ನೋಡಿ. ಬಾಯಿ ಮುಚ್ಚಿತು ಅಂತ ಫೈಲು ಮುಚ್ಚಬೇಡಿ. ಇನ್ನೊಂದು ಕಾಗದವೂ ಬೇಕು. ಅಜ್ಜಿ ಲಕ್ಷ್ಮಕ್ಕ ಮೊಮ್ಮಗಳ ಜೊತೆ ತೆಲುಗಿನಲ್ಲಿ ಮಾತಾಡಬಹುದು ಎಂದು ಸೀಲು ಹಾಕಿ ಬರೆದುಕೊಡಿ. ನಾನು ಹೇಳಿದೆ, ಅಪ್ಪ ಹೇಳಿದರು, ಅವ್ವ ಒಪ್ಪುತ್ತಿಲ್ಲ. ದೊಡ್ಡ ಸಾರೇ ಹೇಳಬೇಕಂತೆ.

ಇವತ್ತು ಒಂಬತ್ತನೇ ತಾರೀಖು. ದಯವಿಟ್ಟು ಬೇಗ ಉತ್ತರ ಕೊಡಿ.

ಇಂತಿ,
ಧೈರ್ಯ ಇಲ್ಲದಿದ್ದರೂ ಬರೆದುಬಿಟ್ಟಿರುವ,
ಆಶಾ
ಪ್ರಥಮ ವರ್ಷದ ಬಿ.ಎಸ್ಸಿ., ಚಳ್ಳಕೆರೆ