ಕಿಟಕಿಯ ಹೊರಗಿನ ಪ್ರಾಂಪ್ಟರ್

ಪ್ರಾಣಸ್ನೇಹಿತ ಮಾದೇವನಿಗೆ,

ಕೇಳು! ಕಾಕನಕೋಟೆಯ ಮಣ್ಣಿನೊಳಗೆ ಮಲಗಿದ್ದರೂ ಕೇಳು! ನನ್ನ ಗಂಟಲು ಎಂಥದ್ದೆಂದು ನಿನಗೆ ಗೊತ್ತು. ನಮ್ಮೂರು ಬಿಳಿಕೆರೆಯಲ್ಲಿ ನಾನು ಭೀಮನ ವೇಷ ಕಟ್ಟಿ ಅಬ್ಬರಿಸಿದರೆ ಹುಣಸೂರಿನ ಬಸ್ಸು ಬೆದರಿ ನಿಲ್ಲುತ್ತದೆ ಎಂದು ಅಣಕಿಸುತ್ತಿದ್ದವನು ನೀನೇ. ಇವತ್ತು ಆ ಗಂಟಲಿನ ತುಂಬ ಕಹಿ. ಒಂದು ಸುದ್ದಿ ಹೇಳಬೇಕು. ಅದಕ್ಕೆ ಮುಂಚೆ...

ನಮ್ಮಿಬ್ಬರನ್ನೂ ಟ್ಯೂಟರ್ ಮಾಡಿದ ಬೆಳಗು ನೆನಪಿದೆಯೇ? ಮೈಸೂರಿನ ಆ ಕಾಲೇಜಿನಲ್ಲಿ ನಾವಿನ್ನೂ ಎಂ.ಎ. ಓದುತ್ತಿದ್ದವರು. ಇಂಟರ್‌ಮೀಡಿಯೆಟ್ ಹುಡುಗರಿಗೆ ಚರಿತ್ರೆ ಹೇಳಬೇಕು, ಅದೂ ಇಂಗ್ಲಿಷಿನಲ್ಲಿ. ಆ ಕೆಲಸ ಉಳಿದರೆ ನಮ್ಮ ಓದು ಉಳಿದಂತೆ. "ಸಾರ್, ಪಾಠ ಹೇಗೆ ಮಾಡಬೇಕು?" ಎಂದು ನೀನು ಪ್ರೊಫೆಸರರನ್ನು ಕೇಳಿದೆ. ಅವರು ಚಾಕ್‌ಪೀಸಿನ ಡಬ್ಬಿಯನ್ನು ನಿನ್ನ ಕಡೆ ತಳ್ಳಿ, "ಓದಿದ್ದೀರಲ್ಲ, ಹೋಗಿ ಹೇಳಿ" ಎಂದರು. ಅಷ್ಟೇ! ನಮಗೆ ದಕ್ಕಿದ ಉಪದೇಶ ಅಷ್ಟೇ! ನಮ್ಮೂರ ನಾಟಕದಲ್ಲಿ 'ಅಪ್ಪಣೆ ಪ್ರಭು' ಎನ್ನುವ ದೂತನಿಗೂ ತಿಂಗಳುಗಟ್ಟಲೆ ತಾಲೀಮು; ಮಾತು ಮರೆತರೆ ಎತ್ತಿಕೊಡಲು ಪರದೆಯ ಪಕ್ಕದಲ್ಲೊಬ್ಬ ಪ್ರಾಂಪ್ಟರ್. ಇಲ್ಲಿ ನಿನ್ನನ್ನು ಒಂಟಿಯಾಗಿ ರಂಗಕ್ಕೆ ನೂಕಿದರಲ್ಲೋ!

ಮೊದಲ ವಾರ ಹುಡುಗರು ಬೆಂಚು ಬಡಿದು ನಿನ್ನ ದನಿಯನ್ನು ಹೂತುಹಾಕಿದರು. ಊರಿನ ಬಸ್ಸಿನಲ್ಲಿ ನೀನು ತಲೆ ಎತ್ತಲಿಲ್ಲ.

"ನನ್ ಕೈಲಾಗಕಿಲ್ಲ ಕಣ್ಲಾ. ಬಾಯ್ ತೆಗುದ್ರೆ ನಾಲ್ಗೆ ಒಳೀಕ್ ಓಯ್ತದೆ."

"ಪ್ರಾಂಪ್ಟರ್ ಇದ್ರೆ?"

"ಕ್ಲಾಸ್‌ನಾಗಾ? ತಲೆ ನೆಟ್ಟಗದಾ ನಿಂಗೆ?"

"ನಾಳಿಕ್ಕೆ ಕಿಟ್ಕಿ ತವ ನಿಂತ್ಕತೀನಿ, ಬುಡು."

ಆ ಕಿಟಕಿ! ಹೊರಗೋಡೆಗೆ ಅಂಟಿಕೊಂಡು ನಾನು ಪಿಸುಗುಟ್ಟುತ್ತಿದ್ದೆ, ನೀನು ಎತ್ತಿಕೊಂಡು ಹೇಳುತ್ತಿದ್ದೆ. ಶ್ರೀರಂಗಪಟ್ಟಣದ ಮುತ್ತಿಗೆಯ ಪಾಠ. ಕೋಟೆಯ ಬಾಗಿಲಿಗೆ ಬರುವಷ್ಟರಲ್ಲಿ ನಿನ್ನ ದನಿ ಮತ್ತೆ ಕುಸಿಯಿತು. ನಾನು ತಡೆಯಲಾರದೆ, "ಗಂಟ್ಲು ಬುಡ್ಲಾ!" ಎಂದೆ. ನೀನೋ, ಬಂದ ಮಾತನ್ನೆಲ್ಲ ಒಪ್ಪಿಸುವ ಪುಣ್ಯಾತ್ಮ! ಇಂಗ್ಲಿಷ್ ಪಾಠದ ನಟ್ಟನಡುವೆ ಎದೆಯುಬ್ಬಿಸಿ ಘರ್ಜಿಸಿದೆ: "ಗಂಟ್ಲು ಬುಡ್ಲಾ!" ಸೂರು ಹಾರುವ ಹಾಗೆ ಕ್ಲಾಸು ನಕ್ಕಿತು. ಆಗ ನೀನೂ ನಕ್ಕೆಯಲ್ಲ, ಅದೇ ಮೊದಲ ಸಲ. "ಅದು ನಂಗೇ ಯೋಳಿದ್ದು ಕಣ್ರಪ್ಪ. ಈಗ ಕೇಳಿ" ಎಂದು ಕನ್ನಡಕ್ಕೆ ತಿರುಗಿ, ಆ ಮುತ್ತಿಗೆಯನ್ನು ಹೇಳಿದೆ ನೋಡು... ಒಂದು ಬೆಂಚೂ ಮಿಸುಕಲಿಲ್ಲ. ನಾನು ಮಾತು ಎತ್ತಿಕೊಡುವುದನ್ನೇ ಮರೆತು ಪ್ರೇಕ್ಷಕನಾಗಿ ನಿಂತುಬಿಟ್ಟಿದ್ದೆ.

ಪ್ರೊಫೆಸರರು ಒಳಗೆ ಬಂದ ಕ್ಷಣವನ್ನು ಹೇಗೆ ಮರೆಯಲಿ? ಅವರನ್ನು ಎಳೆದು ತಂದದ್ದು ಆ ನಗು. ಪಾಠವನ್ನು ಅವರು ಕಿವಿಗೆ ಹಾಕಿಕೊಳ್ಳಲೇ ಇಲ್ಲ. "ಇದೇನು ನಾಟಕ ಕಂಪನಿಯೇ? ಒಳಗೊಬ್ಬ, ಕಿಟಕಿಗೊಬ್ಬ! ಆಸರೆ ಬೇಕಾದವನು ಮೇಷ್ಟ್ರೇ ಅಲ್ಲ!" ಎಂದು ಹುಡುಗರೆದುರೇ ನಿನ್ನನ್ನು ಜಾಡಿಸಿದರು. "ಕೂಗಿದವನು ನಾನು, ನನ್ನನ್ನು ಕೇಳಿ ಸಾರ್!" ಎಂದು ನಾನು ಕಿಟಕಿಯ ಸರಳು ಹಿಡಿದು ಅಬ್ಬರಿಸಿದೆ. ಮುಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ನಮಗೆ ಅರ್ಥ ಆದದ್ದೇ ಇವತ್ತು" ಎಂದ. ಅವರು ಅವನನ್ನೂ ಕೂರಿಸಿದರು. ನೀನು ಚಾಕ್‌ಪೀಸನ್ನು ಮೇಜಿನ ಮೇಲಿಟ್ಟು ವೇದಿಕೆ ಇಳಿದೆ. ಮತ್ತೆ ಹತ್ತಲಿಲ್ಲ; ಕೆಲಸದ ಜೊತೆ ನಿನ್ನ ಓದೂ ಹೋಯಿತು.

ಕೊನೆಯ ಸಲ ನೀನು ಸಿಕ್ಕಿದ್ದು ಹೆಗ್ಗಡದೇವನಕೋಟೆಯ ಬಸ್ ನಿಲ್ದಾಣದಲ್ಲಿ. ಕಾಕನಕೋಟೆ ಕಾಡಿನ ಮರದ ಡಿಪೋದಲ್ಲಿ ನೀನು ಗುಮಾಸ್ತನಾಗಿದ್ದೆ, ಕೆನ್ನೆ ಒಳಗೆ ಹೋಗಿತ್ತು. "ಯಂಗದೀಯಲಾ?" ಎಂದೆ. "ದಿಮ್ಮಿಗಳೇ ವಾಸಿ ಕಣ್ಲಾ. ನಗಾಕಿಲ್ಲ, ಬೆಂಚು ಬಡಿಯಾಕಿಲ್ಲ" ಎಂದೆ ನೀನು. ಆಮೇಲೆ ಚಳಿಜ್ವರದಲ್ಲಿ ಹೋದ ಎಂದರು. ಜ್ವರವಂತೆ! ನಿನ್ನನ್ನು ಆ ಕಾಡಿಗೆ ಅಟ್ಟಿದ್ದು ಯಾವ ಜ್ವರ?

ಇನ್ನು ಸುದ್ದಿ. ನಾನೀಗ ಅದೇ ಕಾಲೇಜಿನಲ್ಲಿ ಲೆಕ್ಚರರ್. ಮೊನ್ನೆ ಪ್ರೊಫೆಸರರು ನಮ್ಮನ್ನೆಲ್ಲ ಕರೆದು ಹೊಸ ಪದ್ಧತಿ ಸಾರಿದರು: ಹೊಸ ಟ್ಯೂಟರಿಗೆ ಮೊದಲು ತಾಲೀಮು, ಆಮೇಲೆ ಅವನ ಕ್ಲಾಸಿನ ಕೊನೇ ಬೆಂಚಿನಲ್ಲಿ ಅನುಭವಸ್ಥರೊಬ್ಬರು. "ಕಲಿಸುವವನಿಗೂ ಆಸರೆ ಬೇಕು" ಎಂದರಪ್ಪ, ಅದೇ ಬಾಯಲ್ಲಿ! ಈಚೆಗೆ ವಿಲಾಯತಿಗೆ ಹೋಗಿದ್ದಾಗ ಕಲಿತದ್ದಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದು, "ವಿಲಾಯತಿಯದಲ್ಲ ಸಾರ್, ಇದು ಬಿಳಿಕೆರೆಯದು. ಮಾದೇವನ ಕಿಟಕಿಯದು" ಎಂದೆ. "ಯಾವ ಮಾದೇವ?" ಎಂದರು.

ಯಾವ ಮಾದೇವ!

ನಾಳೆ ಪಿರಿಯಾಪಟ್ಟಣದ ಹುಡುಗನೊಬ್ಬನ ಮೊದಲ ಪಾಠ. ಇವತ್ತು ಚಾಕ್‌ಪೀಸು ಹಿಡಿದು ತಾಲೀಮಿಗೆ ನಿಂತಾಗ ಅವನ ನಾಲಗೆಯೂ ನಿನ್ನದರ ಹಾಗೆಯೇ ಒಳಕ್ಕೆ ಹೋಯಿತು. ಕೊನೇ ಬೆಂಚು ನನ್ನದು. ಅವನ ದನಿ ಕುಸಿದರೆ ಏನು ಕೂಗಬೇಕೆಂದು ನನಗೆ ಗೊತ್ತು, ಪ್ರೊಫೆಸರರು ಬಾಗಿಲಲ್ಲೇ ನಿಂತಿರಲಿ. ಆಗ ಇಡೀ ಕ್ಲಾಸು ನಗುತ್ತದೆ. ಆ ನಗುವಿನ ನಡುವೆ ಎದ್ದು ನಿಂತು, ಯಾವ ಮಾದೇವ ಎಂಬುದನ್ನು ಹೇಳುತ್ತೇನೆ.

ಇಂತು,
ಕಿಟಕಿಯ ಹೊರಗಿದ್ದವನು